ಅತ್ತಿಕಟ್ಟೆಯಲ್ಲಿ ಇಳಿಯದ ಮನುಷ್ಯ

ಫೆಬ್ರವರಿ 20, 2025, ಗುರುವಾರ

ಮೊನ್ನೆ ಫೆಬ್ರವರಿ ಹದಿನೆಂಟನೆಯ ತಾರೀಖು ಅಪಘಾತ ಪರಿಹಾರ ನ್ಯಾಯಮಂಡಳಿ ಒಂದು ತೀರ್ಪು ಕೊಟ್ಟಿತು. ಅಂಗಡಿಯ ಅಬ್ದುಲ್ ಮಜೀದನ ಎಂಟು ವರ್ಷದ ಮಗಳು ಮಿಸ್ರಿಯಾ ಹೆದ್ದಾರಿ ದಾಟುವಾಗ ಟೆಂಪೊ ಬಡಿದು ಸತ್ತದ್ದರಲ್ಲಿ ಅರ್ಧ ತಪ್ಪು ಆ ಮಗುವಿನ ತಾಯಿಯದಂತೆ. ಇನ್ನರ್ಧ ಟೆಂಪೊ ಓಡಿಸಿದವನದು. ಹೆದ್ದಾರಿ ಕಟ್ಟಿದವರದು ಏನೂ ಇಲ್ಲ, ಬಸ್ಸಿನವರದೂ ಏನೂ ಇಲ್ಲ.

ತೀರ್ಪಿನ ಪ್ರತಿ ಹಿಡಿದು ಮಜೀದ್ ಬೆಳಿಗ್ಗೆಯೇ ಬಂದಿದ್ದ. ಒಳಗೆ ಬಾ ಎಂದೆ. ಎಂದಿನ ಹಾಗೆ ಮೆಟ್ಟಿಲ ಮೇಲೆಯೇ ಕುಳಿತ.

"ಧಣಿಗಳೇ, ನೀವು ಓದಿದವರು. ಇದರಲ್ಲಿ ಎಂತ ಉಂಟು ಅಂತ ಒಮ್ಮೆ ಹೇಳಿ. ವಕೀಲರು ಹೇಳಿದ್ದು ನನಗೆ ತಲೆಗೆ ಹೋಗ್ಲಿಲ್ಲ."

ನಲವತ್ತು ವರ್ಷ ಮೂಡುಬಿದಿರೆಯ ಕಾಲೇಜಿನ ಗ್ರಂಥಾಲಯ ನೋಡಿಕೊಂಡವನು ನಾನು. ಓದಿ ಹೇಳಿದೆ. ಆ ವಾಕ್ಯವನ್ನು ಇಲ್ಲಿ ಬರೆದಿಡುತ್ತೇನೆ, ಮರೆಯಬಾರದು: "ಸ್ಥಳದಿಂದ ಅನತಿ ದೂರದಲ್ಲಿ ಕೆಳಸೇತುವೆಯೂ ಅದಕ್ಕೆ ತಾಗಿ ಪ್ರಯಾಣಿಕರ ತಂಗುದಾಣವೂ ಇರುತ್ತದೆ. ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯು ಆ ಸೌಕರ್ಯವನ್ನು ಬಿಟ್ಟು ಮಗುವಿನ ಕೈಹಿಡಿದು ಹೆದ್ದಾರಿಯನ್ನು ಅಡ್ಡದಾಟುತ್ತಿರಲಿಲ್ಲ."

ಅನತಿ ದೂರ! ಅಪಘಾತವಾದ ಅತ್ತಿಕಟ್ಟೆಯಿಂದ ಕೆಳಸೇತುವೆಗೆ ಅರ್ಧ ಕಿಲೋಮೀಟರಿಗೂ ಹೆಚ್ಚು. ಅಲ್ಲಿಂದ ಇನ್ನೊಂದು ಬದಿಯಲ್ಲಿ ಅಷ್ಟೇ ದೂರ ವಾಪಸು ನಡೆಯಬೇಕು. ನಮ್ಮ ಬೆಳುವಾಯಿ ಕಡೆಯ ಬಿಸಿಲಿನಲ್ಲಿ, ನೆರಳಿಗೆ ಒಂದು ಮರ ಉಳಿಸದ ರಸ್ತೆಯಲ್ಲಿ.

ಮಜೀದ್ ಕೇಳಿದ್ದು ಹೆಂಡತಿಯ ಬಗ್ಗೆ ಒಂದೇ ಪ್ರಶ್ನೆ. "ರುಕಿಯಾಳಿಗೆ ಇದನ್ನು ಹೇಳ್ಬೇಕಾ?"

ಪ್ರತಿ ಇಲ್ಲಿಯೇ ಇರಲಿ, ಇನ್ನೊಮ್ಮೆ ಓದುತ್ತೇನೆ ಎಂದೆ.

ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಕಾನೂನು ತಪ್ಪಿಲ್ಲ. ಅದನ್ನು ಅನ್ವಯಿಸಿದವರು ಎಡವಿದ್ದಾರೆ. ಎಪ್ಪತ್ತರ ದಶಕದಲ್ಲಿ ಭೂಮಸೂದೆ ಬಂದು ನಮ್ಮ ಗದ್ದೆಗಳೆಲ್ಲ ಒಕ್ಕಲುಗಳಿಗೆ ಹೋದಾಗ ನನ್ನ ತಂದೆ ತಕರಾರು ಹಾಕಲಿಲ್ಲ. "ಕಾನೂನು ಎಲ್ಲರಿಗೂ ಒಂದೇ, ನಮಗೂ" ಎಂದರು. ಆ ಮಾತನ್ನು ಕೇಳಿ ಬೆಳೆದವನು ನಾನು. ಆ ಹೆಂಗಸು ದಾಟುವಾಗ ಇನ್ನಷ್ಟು ನೋಡಬೇಕಿತ್ತು ಎಂಬುದೂ ಸುಳ್ಳಲ್ಲ. ಆದರೆ ಅರ್ಧ ಎಂದದ್ದು ಅನ್ಯಾಯ. ಹೆಚ್ಚೆಂದರೆ ಕಾಲು ಭಾಗ ಎನ್ನಬಹುದಿತ್ತು.

ಫೆಬ್ರವರಿ 23, ಭಾನುವಾರ

ತಂಗಿಯ ಮಗಳು ತೃಪ್ತಿ ಬಂದಿದ್ದಳು. ಮಂಗಳೂರಿನಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ನ್ಯಾಯಶಾಸ್ತ್ರ ಕಲಿಸುತ್ತಾಳೆ. ನಮ್ಮದು ಅಳಿಯಸಂತಾನದ ಮನೆ, ಅಕ್ಕತಂಗಿಯರ ಮಕ್ಕಳೇ ನಮಗೆ ಮಕ್ಕಳು. ಹಾಗಾಗಿ ಜಗಳಕ್ಕೂ ಅವಳೇ.

ತೀರ್ಪು ಓದಿದಳು. ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ.

"ಮಾವ, ಇದರಲ್ಲಿ ಎಡವಿದ್ದು ಯಾರೂ ಇಲ್ಲ. ಇದು ಹೀಗೆಯೇ ನಡೆಯುವುದು."

"ಅಂದರೆ?"

"ಸಾಮಾನ್ಯ ವಿವೇಕ ಅಂದರೆ ಎಂಥದು ಅಂತ ಯಾವ ಕಾನೂನಿನಲ್ಲಿಯೂ ಬರೆದಿಲ್ಲ. ಅದು ಖಾಲಿ ಪಾತ್ರೆ. ಅದರಲ್ಲಿ ಏನು ಹಾಕಬೇಕು ಅನ್ನುವುದು ನ್ಯಾಯಪೀಠದಲ್ಲಿ ಕೂತವನ ಬದುಕಿನಿಂದ ಬರುತ್ತದೆ. ಅವನು ಯಾವತ್ತೂ ಬಸ್ಸಿನಿಂದ ಇಳಿದು ರಸ್ತೆ ದಾಟಿದವನಲ್ಲದಿದ್ದರೆ ದಾಟುವುದೇ ಅವಿವೇಕ ಆಗುತ್ತದೆ. ನಾವು ವಿಮರ್ಶಾ ಪಂಥಗಳು ಅಂತ ಕಲಿಸುವುದು ಇದನ್ನೇ. ಕಾನೂನು ತಟಸ್ಥವಾಗಿ ಕಾಣುವುದು ಅದು ಯಾರ ಅಳತೆಗೆ ಹೊಲಿದದ್ದೋ ಅವರಿಗೆ ಮಾತ್ರ."

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಐವತ್ತು ವರ್ಷದ ಹಿಂದೆ ಹುಟ್ಟಿದ ಈ ವಾದವನ್ನು ನಾನು ಓದದವನಲ್ಲ. ಕಾನೂನೂ ರಾಜಕೀಯವೇ ಎನ್ನುವವರು, ಕಾನೂನಿನ ಮನುಷ್ಯ ಗಂಡಸೇ ಎನ್ನುವ ಸ್ತ್ರೀವಾದಿಗಳು, ಬಣ್ಣ, ಜಾತಿ ನೋಡದ ಕಣ್ಣೇ ಕುರುಡು ಎನ್ನುವವರು. ಎಲ್ಲರ ಪುಸ್ತಕಕ್ಕೂ ನಂಬರು ಹಚ್ಚಿ ಕಪಾಟಿನಲ್ಲಿಟ್ಟವನು ನಾನೇ. ಕಾನೂನೇ ಪಕ್ಷಪಾತಿ ಎಂದ ಮೇಲೆ ಬಡವನು ಯಾರ ಹತ್ತಿರ ಹೋಗಬೇಕು? ಕೇಳಿದೆ. ದನಿ ಏರಿತು.

"ನೀವು ಬೈಯುವುದು ನನಗೋ, ತೀರ್ಪಿಗೋ?" ಎಂದಳು.

ಕಾಫಿ ಕುಡಿಯದೆ ಹೊರಟಳು. ಹೋಗಲಿ. ಪಾಠ ಮಾಡುವವರಿಗೆ ಎಲ್ಲವೂ ಪಾಠವೇ.

ಫೆಬ್ರವರಿ 27

ಮೂಡುಬಿದಿರೆಗೆ ಕಾರಿನಲ್ಲಿ ಹೋಗಿ ಬಂದೆ. ಅತ್ತಿಕಟ್ಟೆಯ ಹತ್ತಿರ ಮೂವರು ಹೆಂಗಸರು ಡಿವೈಡರಿನ ಸಂದಿನಿಂದ ದನಗಳ ಹಾಗೆ ನುಗ್ಗಿದರು. ಬ್ರೇಕು ಒತ್ತಿ ಹಾರ್ನ್ ಹೊಡೆದೆ. ಒಬ್ಬಳು ತಿರುಗಿ ನೋಡಿ ನಕ್ಕಳು. ಈ ಜನಕ್ಕೆ ಹೇಳುವವರು ಯಾರು?

ಮಾರ್ಚ್ 5, ಬುಧವಾರ

ಬಂಟ್ವಾಳಕ್ಕೆ ಹೋಗಿ ಮಜೀದನ ವಕೀಲ ನಿಝಾಮನನ್ನು ಕಂಡೆ. ಚಿಕ್ಕ ವಯಸ್ಸಿನವನು, ಒಳ್ಳೆಯವನು. ಮೇಲ್ಮನವಿಗೆ ಮೇ ತಿಂಗಳ ನಡುವಿನವರೆಗೆ ಸಮಯ ಉಂಟು ಎಂದ. ಆಮೇಲೆ ಕೈ ಹಿಸುಕಿಕೊಂಡು ಹೇಳಿದ:

"ಸರ್, ನಿಮಗೆ ಗೊತ್ತಿಲ್ಲದ್ದು ಒಂದುಂಟು. ನಮ್ಮ ಕೇಸು ಬಿದ್ದದ್ದು ಕೆಳಸೇತುವೆಯಿಂದ ಅಲ್ಲ. ಮಜೀದಾಕನ ಬಾಯಿಯಿಂದ."

ವಿವರಿಸಿದ. ಅಪಘಾತದ ಮರುದಿನ ಟೆಂಪೊ ಓಡಿಸಿದ ಹುಡುಗ ಆಸ್ಪತ್ರೆಗೆ ಬಂದಿದ್ದನಂತೆ. ಕನ್ಯಾನದ ಉನೈಸ್. ಶವಾಗಾರದ ಹೊರಗೆ ನೆಲದ ಮೇಲೆ ಕುಳಿತು ಅಳುತ್ತಿದ್ದನಂತೆ. ಮಜೀದ್ ಅವನನ್ನು ಎಬ್ಬಿಸಿ, ಕೈ ಹಿಡಿದು, "ನಮ್ಮದೂ ತಪ್ಪುಂಟು, ಬಿಡು ಮಗನೇ" ಎಂದನಂತೆ. ವಿಮಾ ಕಂಪನಿಯ ವಕೀಲ ಉನೈಸನನ್ನು ಸಾಕ್ಷಿಕಟ್ಟೆಗೆ ಹತ್ತಿಸಿ ಕೇಳಿದ: ಮಗುವಿನ ತಂದೆ ಏನು ಹೇಳಿದರು? ಹುಡುಗ ಇದ್ದದ್ದನ್ನು ಹೇಳಿದ. ಮಜೀದನನ್ನು ಕೇಳಿದರೆ ಅವನೂ ಒಪ್ಪಿದ. "ಹೌದು, ಹೇಳಿದ್ದೇನೆ."

ತೀರ್ಪಿನ ಹದಿನೇಳನೆಯ ಪುಟದಲ್ಲಿ ಅದು ಉಂಟು. ನಾನೇ ಓದಿ ದಾಟಿದ್ದೆ: "ಅರ್ಜಿದಾರನು ತನ್ನ ಕಡೆಯ ತಪ್ಪನ್ನು ಸ್ವಯಂಪ್ರೇರಿತನಾಗಿ ಒಪ್ಪಿಕೊಂಡಿರುತ್ತಾನೆ."

ಹಿಂದಿರುಗುವಾಗ ಕಾರನ್ನು ದಾರಿಬದಿಗೆ ನಿಲ್ಲಿಸಬೇಕಾಯಿತು. ಆ ಪುಟವನ್ನು ಇನ್ನೊಮ್ಮೆ ಓದಿದೆ.

ಮಾರ್ಚ್ 6

ಈ ಸೀಮೆಯಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ. "ನಮ್ಮದೂ ತಪ್ಪುಂಟು" ಎಂದರೆ ಏನು? ಬೇಲಿ ಜಗಳದಲ್ಲಿ, ಮದುವೆ ಮುರಿದಾಗ, ಸ್ಕೂಟರು ತಾಗಿದಾಗ ದೊಡ್ಡ ಮನಸ್ಸಿನವನು ಮೊದಲು ಹೇಳುವ ಮಾತು ಅದು. ತಪ್ಪಿಲ್ಲದವನೇ ಅದನ್ನು ಹೇಳುವುದು. ತಪ್ಪಿದ್ದವನು ಯಾವತ್ತು ಹೇಳಿದ್ದಾನೆ? ಎದುರಿನವನ ಬೆನ್ನು ಮುರಿಯದಿರಲಿ ಎಂದು ಹೇಳುವ ಮರ್ಯಾದೆಯ ಮಾತು. ಮಗುವಿನ ಹೆಣ ಒಳಗಿರುವಾಗ ಇನ್ನೊಬ್ಬರ ಮಗನಿಗೆ ಆ ಮಾತು ಹೇಳಬಲ್ಲ ಮನುಷ್ಯ ನಮ್ಮ ತಾಲೂಕಿನಲ್ಲಿ ಇದ್ದಾನೆ ಎಂದು ಹೆಮ್ಮೆಪಡಬೇಕಿತ್ತು.

ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಂಡರು!

ಮಾರ್ಚ್ 14, ಶುಕ್ರವಾರ

ಮಜೀದನ ಅಂಗಡಿಗೆ ಹೋದೆ. ಉಪವಾಸದ ತಿಂಗಳು. ಸಂಜೆ ಅಂಗಡಿಯ ಮುಂದೆ ಖರ್ಜೂರ, ಹಣ್ಣು ಕತ್ತರಿಸಿ ಇಟ್ಟಿದ್ದ. ನಾನು ನಮ್ಮ ಜೈನರ ಕ್ರಮದಂತೆ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವನು.

"ನೋಡಿ ಧಣಿಗಳೇ," ಎಂದು ನಕ್ಕ, "ನಿಮ್ಮ ಬಾಗಿಲು ಹಾಕುವ ಹೊತ್ತಿಗೆ ನಮ್ಮ ಬಾಗಿಲು ತೆರೆಯುವುದು. ಒಂದು ದಿನವೂ ನಿಮಗೆ ಎಂತದೂ ಕೊಡ್ಲಿಕ್ಕೆ ಆಗ್ಲಿಲ್ಲ ನನಗೆ."

ಅಕ್ಕಿಮೂಟೆಯ ಮೇಲೆ ಕುಳಿತೆ. ಮಾತಿನ ನಡುವೆ ಬೈಕೊಂದು ಬಂದು ನಿಂತಿತು. ಸಪೂರ ಹುಡುಗ, ಗಡ್ಡ ಇನ್ನೂ ತುಂಬಿಲ್ಲ. ಸಕ್ಕರೆಯ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ನಿಂತ. ಉನೈಸ್. ತೀರ್ಪಿನ ಸುದ್ದಿ ಈಗ ಅವನಿಗೆ ಮುಟ್ಟಿತ್ತು.

"ಮಜೀದಾಕ, ನಾನು ನಿಮ್ಮ ಒಳ್ಳೆದಕ್ಕೆ ಹೇಳಿದ್ದು. ಇಂಥ ಮನುಷ್ಯ ಅಂತ ಎಲ್ಲರಿಗೂ ಗೊತ್ತಾಗ್ಲಿ ಅಂತ. ನನ್ನನ್ನು ಹೊಡೆಯುವ ಬದಲು ನನ್ನ ಕೈ ಹಿಡಿದ್ರು ಅಂತ ಹೇಳಿದೆ. ಅವರು ಅದರ ಅರ್ಧ ಮಾತ್ರ ಬರ್ಕೊಂಡ್ರು."

"ಗೊತ್ತುಂಟು ಮಾರಾಯ. ಕೂತ್ಕೊ. ಬಾಂಗು ಆಗ್ತದೆ ಈಗ."

ನನಗೆ ತಡೆಯಲಾಗಲಿಲ್ಲ. "ಓವರ್‌ಟೇಕ್ ಯಾಕೆ ಮಾಡಿದೆ?" ಎಂದು ಕೇಳಿದೆ.

"ಮುಂದಿನ ಲಾರಿ ಸುಮ್ಮನೆ ನಿಧಾನ ಆಯ್ತು ಸರ್. ಯಾಕೆ ಅಂತ ಗೊತ್ತಾಗ್ಲಿಲ್ಲ. ಅದರ ಆಚೆ ಯಾರಾದರೂ ಇರ್ಬಹುದು ಅಂತ ತಲೆಗೇ ಬರ್ಲಿಲ್ಲ." ಕಣ್ಣು ಒರೆಸಿಕೊಂಡ. "ತಪ್ಪು ನನ್ನದೇ. ಪೂರ್ತಿ ನನ್ನದೇ. ಅಲ್ಲಿಯೂ ಅದನ್ನೇ ಹೇಳಿದೆ. ಅದನ್ನು ಯಾಕೆ ಬರ್ಕೊಳ್ಳಲಿಲ್ಲ?"

ಪೂರ್ತಿ ತನ್ನದೆಂದು ಒಬ್ಬ ಹೇಳುತ್ತಾನೆ, ನಮ್ಮದೂ ಉಂಟೆಂದು ಇನ್ನೊಬ್ಬ ಹೇಳುತ್ತಾನೆ. ಎರಡೂ ಒಂದೇ ಬಗೆಯ ಮಾತು. ಒಂದನ್ನು ಆರಿಸಿಕೊಂಡರು, ಒಂದನ್ನು ಬಿಟ್ಟರು. ಯಾವ ಕಾನೂನು ಹಾಗೆ ಆರಿಸಲು ಹೇಳಿತು? ಯಾವುದೂ ಇಲ್ಲ.

ಮಾರ್ಚ್ 22, ಶನಿವಾರ

ಈ ದಿನ ನಾನು ಮಾಡಿದ್ದನ್ನು ಊರಿನವರು ನೋಡಿ ನಕ್ಕಿದ್ದಾರೆ. ನಗಲಿ.

ಕೆಳಸೇತುವೆಯ ಹತ್ತಿರದ ತಂಗುದಾಣಕ್ಕೆ ಹೋಗಿ ಬಸ್ಸಿಗೆ ಕಾದೆ. ತೀರ್ಪಿನಲ್ಲಿ ಹೆಸರು ಪಡೆದ ಆ ತಂಗುದಾಣ! ಗ್ರಾನೈಟಿನ ಬೆಂಚು, ದಾನಿಗಳ ಫಲಕ, ಉದ್ಘಾಟನೆಯ ತಾರೀಖು ಎಲ್ಲ ಉಂಟು. ಬೆಂಚಿನ ಮೇಲೆ ಎರಡು ನಾಯಿಗಳು ಮಲಗಿದ್ದವು. ಅವುಗಳಿಗೆ ನಾನು ಬಂದದ್ದೇ ಆಶ್ಚರ್ಯ.

ಮೊದಲ ಬಸ್ಸು ನಿಲ್ಲಲಿಲ್ಲ. ಎರಡನೆಯದಕ್ಕೆ ರಸ್ತೆಗೇ ಇಳಿದು ಕೈ ಅಡ್ಡ ಹಿಡಿದೆ. ಕಂಡಕ್ಟರು ಬಾಗಿಲಿನಿಂದ ಜೋತು ತುಳುವಿನಲ್ಲಿ ಕೂಗಿದ: "ಮುಲ್ಪ ಉಂತುಜಿ ಅಣ್ಣೆರೆ, ಕಟ್ಟೆಡೆ ಬಲೆ!" ಇಲ್ಲಿ ನಿಲ್ಲುವುದಿಲ್ಲ, ಕಟ್ಟೆಗೆ ಬನ್ನಿ. ಮೂರನೆಯ ಬಸ್ಸಿನವನು ಕೂಗಲೂ ಇಲ್ಲ.

ಅತ್ತಿಕಟ್ಟೆಗೆ ನಡೆದು ಹೋಗಿ ಮುಂದಿನ ಬಸ್ಸಿನವನನ್ನು ಹಿಡಿದೆ.

"ಅಲ್ಲಿ ಯಾಕೆ ನಿಲ್ಲಿಸುವುದಿಲ್ಲ?"

"ಅಲ್ಲಿ ಯಾರು ಇಳೀತಾರೆ ಸರ್? ಕಟ್ಟೆಯಲ್ಲಿ ನಿಲ್ಲಿಸಿ ಅಲ್ಲಿಯೂ ನಿಲ್ಲಿಸಿದರೆ ಹಿಂದಿನ ಬಸ್ಸು ನಮ್ಮ ಪ್ಯಾಸೆಂಜರನ್ನು ತಿಂದು ಹೋಗ್ತದೆ. ನಿಮ್ಮ ಅಜ್ಜನ ಕಾಲದಿಂದ ಬಸ್ಸು ನಿಲ್ಲುವುದು ಈ ಕಟ್ಟೆಯಲ್ಲಿಯೇ ಅಲ್ವಾ?"

ಹೌದು. ಅತ್ತಿಮರ ಕಡಿದರು, ಕಟ್ಟೆ ಒಡೆದರು, ನಾಲ್ಕು ಪಥದ ಹೆದ್ದಾರಿ ಬಂತು. ಬಸ್ಸುಗಳು ಮಾತ್ರ ಇಲ್ಲದ ಕಟ್ಟೆಯ ಮುಂದೆ ಇವತ್ತಿಗೂ ನಿಲ್ಲುತ್ತವೆ. ರುಕಿಯಾ ತಂಗುದಾಣವನ್ನು ಬಿಟ್ಟು ದಾಟಿದಳಂತೆ! ಅವಳನ್ನು ಯಾವ ಬಸ್ಸು ಅಲ್ಲಿ ಇಳಿಸುತ್ತಿತ್ತು?

ಆಮೇಲೆ ದಾಟಿದೆ. ಒಂದು ಕೈಯಲ್ಲಿ ಮಜೀದನ ಅಂಗಡಿಯ ಐದು ಕಿಲೋ ಅಕ್ಕಿ. ಡಿವೈಡರಿನ ಸಂದಿಗೆ ಮುಟ್ಟುವ ಹೊತ್ತಿಗೆ ಕಾರೊಂದು ಹಾರ್ನ್ ಹೊಡೆಯಿತು. ನಾನೇನು ದನವೇ?

ಏಪ್ರಿಲ್ 2, ಬುಧವಾರ

ಹಬ್ಬ ಕಳೆದ ಮೂರನೆಯ ದಿನ. ಮಜೀದ್ ಕರೆದ, ಮನೆಗೆ ಹೋದೆ. ರುಕಿಯಾಳ ಅಕ್ಕ ಮತ್ತು ಅಕ್ಕನ ಮೊಮ್ಮಗಳು ಬಂದಿದ್ದರು. ಆ ಮಗು ನಡೆಯುತ್ತ ಬಂದು ರುಕಿಯಾಳ ಕೈ ಹಿಡಿಯಲು ಹೋಯಿತು. ರುಕಿಯಾ ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು. ಅದು ಆ ಮನೆಯಲ್ಲಿ ಈಗ ರೂಢಿ.

ತೀರ್ಪಿನ ಆ ವಾಕ್ಯ ಅವಳಿಗೆ ಗೊತ್ತಾಗಿತ್ತು. ನೆರೆಯ ಹೆಂಗಸೊಬ್ಬಳು ಸಮಾಧಾನ ಹೇಳುವ ನೆಪದಲ್ಲಿ ಹೇಳಿಬಿಟ್ಟಿದ್ದಳು.

ಚಹಾ ಕುಡಿಯುತ್ತ ನಾನು ಮೇಲ್ಮನವಿಯ ವಿಷಯ ತೆಗೆದೆ. ಮಜೀದ್ ತಲೆ ಅಲ್ಲಾಡಿಸಿದ. "ಇನ್ನೂ ಹೆಚ್ಚು ಕೇಳ್ಲಿಕ್ಕೆ ಹೋದ್ರು ಅಂತ ಜನ ಹೇಳ್ತಾರೆ. ಮಗಳ ಹೆಸರಲ್ಲಿ ಚೌಕಾಸಿ ನನಗೆ ಬೇಡ."

ಒಳಬಾಗಿಲಿನಿಂದ ರುಕಿಯಾ ಮಾತಾಡಿದಳು. ಅವಳ ದನಿಯನ್ನು ನಾನು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಈ ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

"ನನಗೂ ದುಡ್ಡು ಬೇಡ. ಅವರು ಕೊಟ್ಟದ್ದನ್ನೂ ತೆಗೊಂಡು ಹೋಗ್ಲಿ. ಆ ಒಂದು ಸಾಲು ತೆಗೀಲಿ. ಶ್ರೇಯಾಂಸಣ್ಣ, ನಾನು ನಿಂತಿದ್ದೆ. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಬಂದು ಇಳಿದವಳು ಎಷ್ಟೋ ಹೊತ್ತು ನಿಂತಿದ್ದೆ. ಒಂದು ಲಾರಿಯವ ನಿಧಾನ ಮಾಡಿ, ಹೋಗಿ ಅಂತ ಕೈ ತೋರಿಸಿದ. ನಮಗಾಗಿ ನಿಲ್ಲಿಸಿದವನನ್ನು ಕಾಯಿಸ್ಬಾರದು ಅಂತ ಹೊರಟೆ. ಲಾರಿಯ ಆಚೆಯಿಂದ ಟೆಂಪೊ ಬಂತು."

"ಇದನ್ನು ಕೋರ್ಟಿನಲ್ಲಿ ಹೇಳಿದ್ದೀರಾ?"

"ನನ್ನನ್ನು ಯಾರು ಕೇಳಿದ್ರು?"

ತಾಯಿಗೆ ಮತ್ತೆ ನೋವಾಗಬಾರದು ಎಂದು ಮಜೀದನೂ ನಿಝಾಮನೂ ಸೇರಿ ಅವಳನ್ನು ಸಾಕ್ಷಿಗೆ ಕರೆಯಲಿಲ್ಲ. ಅದೂ ಮರ್ಯಾದೆಯೇ. ಕೈ ಹಿಡಿದಿದ್ದವಳು ಅವಳು, ಕಂಡವಳು ಅವಳು, ಅರ್ಧ ತಪ್ಪು ಅವಳದು. ಅವಳ ಮಾತಿನ ಒಂದು ಅಕ್ಷರ ಆ ಕಡತದಲ್ಲಿಲ್ಲ.

ಹೊರಡುವಾಗ ರುಕಿಯಾ ಕೇಳಿದಳು: "ಆ ವಿವೇಕ ಇದ್ದ ಮನುಷ್ಯ ಅಂತ ಬರೆದಿದ್ದಾರಲ್ಲ, ಅವನು ಯಾರು? ಅವನಿಗೆ ಕಾರು ಉಂಟಾ?"

"ಇರಬೇಕು," ಎಂದೆ.

"ಕೈಯಲ್ಲಿ ಚೀಲ ಇರುವುದಿಲ್ಲ. ಮನೆಯಲ್ಲಿ ಅನ್ನಕ್ಕಿಡಬೇಕು ಅಂತ ಇರುವುದಿಲ್ಲ. ನಮ್ಮ ಕಟ್ಟೆಯಲ್ಲಿ ಇಳಿಯುವುದೇ ಇಲ್ಲ." ನನ್ನ ಕಡೆ ತಿರುಗಿದಳು. "ನಿಮ್ಮ ಹಾಗೆ ಇರ್ಬೇಕು ಅಣ್ಣ ಅವನು."

ಮಜೀದ್ ಅವಳನ್ನು ಗದರಿದ.

ಏಪ್ರಿಲ್ 3

ನನ್ನ ಹಾಗೆ! ಏನು ತಿಳಿದುಕೊಂಡಿದ್ದಾಳೆ?

ಏಪ್ರಿಲ್ 10, ಗುರುವಾರ

ಮಹಾವೀರ ಜಯಂತಿ. ಬಸದಿಗೆ ಬಸ್ಸಿನಲ್ಲಿ ಹೋದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಿದೆ. ಬರುವಾಗ ಬೀಡಿ ಕಟ್ಟು ತಲೆಯ ಮೇಲಿಟ್ಟ ಹೆಂಗಸೊಬ್ಬಳು "ಬಲೆ, ಒಟ್ಟಿಗೆ ಹೋಗುವ" ಎಂದು ಕರೆದಳು. ಅವಳ ಜೊತೆ ಓಡಿದೆ. ಆಚೆ ಮುಟ್ಟಿದ ಮೇಲೆ ಇಬ್ಬರಿಗೂ ನಗು ಬಂತು.

ಬಸದಿಯ ಜಗುಲಿಯಲ್ಲಿ ಕುಳಿತಿದ್ದಾಗ ಹಳೆಯದೊಂದು ನೆನಪಾಯಿತು. ಭೂನ್ಯಾಯಮಂಡಳಿ ನಮ್ಮ ಗದ್ದೆಗಳ ವಿಚಾರಣೆ ಮಾಡಿದ ದಿನ ನನಗೆ ಹದಿನಾರು ವರ್ಷ, ತಂದೆಯ ಜೊತೆ ಹೋಗಿದ್ದೆ. ವೇಣೂರು ಕಡೆಯ ಒಂದು ಗದ್ದೆಗೆ ಆಯಿಸಾಬಿ ಎಂಬ ವಿಧವೆ ಬಂದಿದ್ದಳು. ನೇಜಿ ನೆಟ್ಟವಳು, ಕಳೆ ಕಿತ್ತವಳು, ಕೊಯ್ದವಳು, ಗೇಣಿಯ ಅಕ್ಕಿಯನ್ನು ನಮ್ಮ ಅಂಗಳಕ್ಕೆ ಹೊತ್ತು ತಂದವಳು ಅವಳೇ. ಅಧಿಕಾರಿ ಕೇಳಿದ್ದು ಒಂದೇ: "ಉಳುವವರು ಯಾರು?" ಹೆಂಗಸರು ನೇಗಿಲು ಮುಟ್ಟುವ ಕ್ರಮ ನಮ್ಮಲ್ಲಿ ಇರಲಿಲ್ಲ. ವರ್ಷಕ್ಕೆ ಎರಡು ಸಲ ಬಂದು ಉತ್ತು ಹೋಗುತ್ತಿದ್ದ ಮೈದುನ ಕೈ ಎತ್ತಿದ. ಗದ್ದೆ ಅವನದಾಯಿತು.

ಉಳುವವನೇ ಒಡೆಯ ಎಂದರು. ನೆಡುವವಳು? ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಲಂಚ ತೆಗೆದುಕೊಳ್ಳಲಿಲ್ಲ. ಕಾನೂನು ಎಲ್ಲರಿಗೂ ಒಂದೇ ಆಗಿತ್ತು. ಆಯಿಸಾಬಿ ಅಂಗಳದ ಮೂಲೆಯಲ್ಲಿ ನಿಂತೇ ಇದ್ದಳು, ಎಲ್ಲರೂ ಹೋದ ಮೇಲೂ.

ಐವತ್ತು ವರ್ಷ ಈ ಹೆಂಗಸು ನನ್ನ ತಲೆಯಲ್ಲಿ ಎಲ್ಲಿದ್ದಳು?

ಏಪ್ರಿಲ್ 20, ಭಾನುವಾರ

ತೃಪ್ತಿ ಬಂದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಸಾಮಾನ್ಯ ವಿವೇಕ ಎಂಬುದು ಖಾಲಿ ಮಾತು, ಅದರೊಳಗೆ ಕುಳಿತವನು ಕಾರಿದ್ದ, ಚೀಲವಿಲ್ಲದ, ಕಾಯುವವರಿಲ್ಲದ ಗಂಡಸು, ಅವನನ್ನು ಯಾರಾದರೂ ಎಳೆದು ಹೊರಗೆ ಹಾಕಬೇಕು ಎಂದೆ. ಇದನ್ನು ನಿಮ್ಮ ಕಾಲೇಜುಗಳಲ್ಲಿ ಮಕ್ಕಳಿಗೆ ಯಾಕೆ ಕಲಿಸುವುದಿಲ್ಲ ಎಂದು ದಬಾಯಿಸಿದೆ.

ಅವಳು ನಕ್ಕಳು. "ಕಲಿಸುವ, ಮಾವ," ಎಂದಳು. "ಹೇಳಿಕೊಡುವವರು ಸಿಕ್ಕಿದರೆ."

ನಗುವಂಥದ್ದೇನಿತ್ತೋ ತಿಳಿಯಲಿಲ್ಲ.

ಅವಳನ್ನು ಕರೆದುಕೊಂಡೇ ಮಜೀದನ ಮನೆಗೆ ಹೋದೆ. ನಿಝಾಮನೂ ಬಂದಿದ್ದ. ಆಸ್ಪತ್ರೆಯಲ್ಲಿ ಆಡಿದ ಮಾತು ದುಃಖದಲ್ಲಿ ಬಾಯಿತಪ್ಪಿ ಬಂದದ್ದು, ಅದರಲ್ಲಿ ಅರ್ಥವಿಲ್ಲ ಎಂದು ಮಜೀದ್ ಒಂದು ಪ್ರಮಾಣಪತ್ರ ಕೊಟ್ಟರೆ ಮೇಲ್ಮನವಿಗೆ ಬಲ ಬರುತ್ತದೆ ಎಂಬುದು ಅವನ ಲೆಕ್ಕ.

ಮಜೀದ್ ಒಪ್ಪಲಿಲ್ಲ.

"ಬಾಯಿತಪ್ಪಿ ಬಂದದ್ದಲ್ಲ ವಕೀಲರೇ. ಗೊತ್ತಿದ್ದೇ ಹೇಳಿದ್ದು. ಆ ಹುಡುಗ ಅವತ್ತು ಎಂತಾದರೂ ಮಾಡಿಕೊಳ್ತಿದ್ದ. ನಾನು ಕೊಟ್ಟ ಮಾತನ್ನು ಈಗ ಅರ್ಥ ಇಲ್ಲದ್ದು ಅಂತ ವಾಪಸ್ ತೆಗೊಂಡರೆ ಅವನು ಎಲ್ಲಿಗೆ ಹೋಗ್ಬೇಕು?"

"ಹಾಗಾದರೆ ಸೋಲ್ತೇವೆ ಮಜೀದಾಕ."

"ಸೋಲುವ."

ನನಗೆ ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ಅವನ ಕಾಲು ಹಿಡಿಯಬೇಕು ಎಂದೂ ಅನ್ನಿಸಿತು. ಗೆಲ್ಲಬೇಕಾದರೆ ಮನುಷ್ಯತ್ವವನ್ನು ಸುಳ್ಳು ಎಂದು ಬರೆದುಕೊಡಬೇಕಂತೆ. ಇದೆಂಥ ನ್ಯಾಯದ ಬಾಗಿಲು, ಒಳಗೆ ಹೋಗಲು ಇದ್ದ ಒಳ್ಳೆಯದನ್ನೆಲ್ಲ ಹೊರಗೆ ಕಳಚಿಡಬೇಕಾದದ್ದು?

ಆಗ ರುಕಿಯಾ ಹೊರಗೆ ಬಂದು ಕುರ್ಚಿ ಎಳೆದು ಕುಳಿತಳು.

"ಇವರು ಹೇಳಿದ್ದು ಇವರ ಹತ್ತಿರ ಇರ್ಲಿ. ಅದನ್ನು ಯಾರೂ ಮುಟ್ಟುವುದು ಬೇಡ. ನಮ್ಮದೂ ಅಂತ ಇವರು ಹೇಳಿದಾಗ ನನ್ನನ್ನು ಕೇಳಿಲ್ಲ. ನನ್ನ ಪಾಲಿನ ತಪ್ಪನ್ನು ಇವರು ಒಪ್ಪಿಕೊಳ್ಳುವುದು ಹೇಗೆ ಆಗ್ತದೆ? ನಾನು ಹೇಳ್ತೇನೆ. ನನ್ನನ್ನು ಕರೀಲಿ."

ನಿಝಾಮ್ ಪೆನ್ನು ಕೆಳಗಿಟ್ಟ. ತೃಪ್ತಿ ಮೆಲ್ಲನೆ, "ಅದೇ ನಿಮ್ಮ ಮೇಲ್ಮನವಿ," ಎಂದಳು. ಮುಖ್ಯ ಪ್ರತ್ಯಕ್ಷದರ್ಶಿಯನ್ನು ಕೇಳದೆ ಅವಳ ಮೇಲೆಯೇ ತಪ್ಪು ಹೊರಿಸಿದ್ದಾರೆ, ಹೆಚ್ಚಿನ ಪರಿಹಾರ ಬೇಡ, ಆ ನಿರ್ಣಯವನ್ನು ಅಳಿಸಿ, ಸಾಕ್ಷ್ಯಕ್ಕೆ ಕೇಸನ್ನು ವಾಪಸು ಕಳಿಸಿ. ಹಣ ಕೇಳದ ಮೇಲ್ಮನವಿಯನ್ನು ತಾನು ಕಂಡೇ ಇಲ್ಲ ಎಂದ ನಿಝಾಮ್. "ಈಗ ಕಾಣು," ಎಂದೆ.

ಮೇ 9, ಶುಕ್ರವಾರ

ಮೇಲ್ಮನವಿ ಹೋಯಿತು. ರುಕಿಯಾ ತನ್ನ ಹೇಳಿಕೆಯನ್ನು ತಾನೇ ಕುಳಿತು ಹೇಳಿದಳು, ತೃಪ್ತಿ ಬರೆದುಕೊಂಡಳು. ಹೇಳಿ ಮುಗಿಸಿದ ಮೇಲೆ ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತಳಂತೆ. ವಿಚಾರಣೆಗೆ ಎರಡು ವರ್ಷ ಆಗಬಹುದು, ನಾಲ್ಕೂ ಆಗಬಹುದು ಎಂದ ನಿಝಾಮ್.

ಅಲ್ಲಿಯ ತನಕ ಕಾಗದದ ಪ್ರಕಾರ ಅವಳು ತಪ್ಪಿತಸ್ಥೆ.

ಕಾರಿನ ಬ್ಯಾಟರಿ ಸತ್ತಿದೆ ಎಂದು ಮೆಕ್ಯಾನಿಕ್ ಹೇಳಿದ. ಓಡಿಸದೆ ಸತ್ತದ್ದಂತೆ. ಇರಲಿ.

ಮೇ 24, ಶನಿವಾರ

ಈ ದಿನ ಗ್ರಾಮಸಭೆ. ಹೆದ್ದಾರಿಯ ಕಡೆಯಿಂದ ಒಬ್ಬ ಇಂಜಿನಿಯರು ಬಂದಿದ್ದ. ನಾನು ಎದ್ದು ಮೂರು ವಿಷಯ ಕೇಳಿದೆ. ಬಸ್ಸು ನಿಲ್ಲದ ಕಡೆ ತಂಗುದಾಣ ಕಟ್ಟಿದ್ದು ಯಾರು ಹೇಳಿ? ಬಸ್ಸು ನಿಲ್ಲುವ ಕಡೆ ದಾಟಲು ದಾರಿ ಬಿಡದ್ದು ಯಾರು ಹೇಳಿ? ಇದೆರಡೂ ಗೊತ್ತಿದ್ದೂ ಸೌಕರ್ಯ ಒದಗಿಸಲಾಗಿದೆ ಎಂದು ನ್ಯಾಯಮಂಡಳಿಗೆ ಬರೆದುಕೊಟ್ಟದ್ದು ಯಾರು?

ಅವನು ನೀರು ಕುಡಿದ. "ವಿಷಯ ಈಗ ಕೋರ್ಟಿನಲ್ಲಿದೆ. ಮಾತಾಡುವ ಹಾಗಿಲ್ಲ," ಎಂದ.

ಕೋರ್ಟಿಗೆ ಹೋದರೆ ತಂಗುದಾಣ ಉಂಟಲ್ಲ ಎನ್ನುತ್ತಾರೆ. ತಂಗುದಾಣದವರನ್ನು ಕೇಳಿದರೆ ಕೋರ್ಟಿನಲ್ಲಿದೆ ಎನ್ನುತ್ತಾರೆ. ಇಬ್ಬರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದ್ದಾರೆ, ಲಾರಿಯ ಹಿಂದಿನ ಟೆಂಪೊದ ಹಾಗೆ.

ಪಂಚಾಯಿತಿಯ ಒಬ್ಬ ಸದಸ್ಯ ರಾಜಿ ಮಾಡಿಸುವವನ ಹಾಗೆ ಎದ್ದು ನಿಂತ. "ಶ್ರೇಯಾಂಸಣ್ಣ, ಅರ್ಧ ಅಂತ ಹೇಳಿದ್ದು ಸ್ವಲ್ಪ ಹೆಚ್ಚಾಯ್ತು, ಒಪ್ಪುವ. ಆದರೆ ಕಾಲು ಭಾಗವಾದರೂ ತಾಯಿಯದ್ದು ಇರುವುದಿಲ್ವಾ?"

ಕಾಲು ಭಾಗ! ಒಂದು ಮಗುವಿನ ಸಾವನ್ನು ಕಾಲು, ಅರ್ಧ ಎಂದು ಕೊಯ್ದು ತಾಯಿಗೆ ಬಡಿಸುವ ನಾಲಿಗೆ ಎಂಥದು? ಓದು ಬರಹ ಇದ್ದವನು ಹೀಗೆ ಯೋಚಿಸುವುದಾದರೂ ಹೇಗೆ? ಮೈಕಿನಲ್ಲಿಯೇ ಬೈದೆ. ಮೈಕು ಕಿತ್ತುಕೊಂಡರು.

ಆಗ ಹಿಂದಿನ ಸಾಲಿನಲ್ಲಿ ರುಕಿಯಾ ಎದ್ದಳು. ಅವಳು ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಅಕ್ಕನ ಮೊಮ್ಮಗಳು ಜೊತೆಗಿದ್ದಳು. ಮಗುವಿನ ಕೈಯನ್ನು ರುಕಿಯಾ ಗಟ್ಟಿಯಾಗಿ ಹಿಡಿದಿದ್ದಳು.

ಇಂಜಿನಿಯರು ಕೇಳಿದ, "ನೀವು ಯಾರಮ್ಮಾ?"

"ನಾನಾ?" ಎಂದಳು. "ನಾನು ಆ ಅರ್ಧ ತಪ್ಪು."

ಮಗುವನ್ನು ಕರೆದುಕೊಂಡು ಮುಂದೆ ಬಂದಳು.

"ಸಭೆ ಮುಗಿದ ಮೇಲೆ ನಾನು ಈ ಮಗುವಿನ ಒಟ್ಟಿಗೆ ಮನೆಗೆ ಹೋಗ್ಬೇಕು," ಎಂದಳು. "ಬಸ್ಸು ಕಟ್ಟೆಯಲ್ಲಿ ಇಳಿಸ್ತದೆ. ಮನೆ ಆಚೆ ಉಂಟು. ಹೇಗೆ ಹೋಗ್ಲಿ? ನೀವೇ ಹೇಳಿ ಸರ್, ನೀವು ಹೇಳಿದ ಹಾಗೆ ಹೋಗ್ತೇನೆ."

ಅವನು ಹೇಳಲಿಲ್ಲ. ಅಧ್ಯಕ್ಷರು ಹೇಳಲಿಲ್ಲ. ವಂದನಾರ್ಪಣೆ ಮಾಡಿ ಸಭೆ ಮುಗಿಸಿದರು. ಕಟ್ಟೆಯಲ್ಲಿ ಬಸ್ಸಿಳಿದ ಮೇಲೆ ನಾವು ಆರೇಳು ಜನ ಅವಳ ಸುತ್ತ ನಿಂತು ಕೈ ಅಡ್ಡ ಹಿಡಿದು ದಾಟಿಸಿದೆವು. ವಾಹನಗಳು ಹಾರ್ನ್ ಹೊಡೆದವು.

ಮುಂದಿನ ಗ್ರಾಮಸಭೆಗೂ ಹೋಗುತ್ತೇನೆ, ಅದರ ಮುಂದಿನದಕ್ಕೂ. ತೀರ್ಪು ಬರೆದವರಿಗೆ, ರಸ್ತೆಯ ನಕ್ಷೆ ಬರೆದವರಿಗೆ, ತಂಗುದಾಣಕ್ಕೆ ಹೆಸರು ಬರೆಸಿದವರಿಗೆ ಕೇಳುವುದು ಒಂದೇ. ನಿಮ್ಮ ಆ ಸಾಮಾನ್ಯ ವಿವೇಕದ ಮನುಷ್ಯನನ್ನು ಒಂದು ದಿನ ಬಸ್ಸು ಹತ್ತಿಸಿ ಕಳಿಸಿ. ಒಂದು ಕೈಯಲ್ಲಿ ಚೀಲ ಕೊಡಿ, ಇನ್ನೊಂದರಲ್ಲಿ ಮಗುವಿನ ಕೈ ಕೊಡಿ. ಅತ್ತಿಕಟ್ಟೆಯಲ್ಲಿ ಇಳಿಯಲಿ. ನಾವೆಲ್ಲ ರಸ್ತೆಯ ಈ ಬದಿಯಲ್ಲಿ ನಿಂತಿರುತ್ತೇವೆ, ರುಕಿಯಾ ಮುಂದೆ ನಿಂತಿರುತ್ತಾಳೆ. ಅವನು ಹೇಗೆ ದಾಟುತ್ತಾನೆ? ಕಡತದಲ್ಲಿ ಬೇಡ, ಮುಚ್ಚಿದ ಕೋಣೆಯಲ್ಲಿ ಬೇಡ. ಊರೆದುರು, ಅವಳ ಮುಖ ನೋಡಿ, ಮೈಕಿನಲ್ಲಿ ಹೇಳಿ.